ಎರಡನೇ ಕಂಡೆನ್ಸರ್

ಕೊಪ್ಪ
18-11-2024

ವಿಘ್ನೇಶ್ವರನಿಗೆ,

ನಾನು ದೇವರಾಜ. ಹರೀಬೇಡ ಮಾರಾಯ. ಒಂದು ಸಲ ಪೂರ್ತಿ ಓದು, ಆಮೇಲೆ ಬೇಕಾದ್ರೆ ಒಲೆಗೆ ಹಾಕು. ನನ್ನ ನಂಬರನ್ನ ನೀನು ಬ್ಲಾಕ್ ಮಾಡಿ ಆರು ವರ್ಷ ಆಯ್ತು, ಅದಕ್ಕೆ ಕಾಗದ. ಏಳನೇ ಕ್ಲಾಸನ್ನ ಅರ್ಧಕ್ಕೆ ಬಿಟ್ಟು ಎಸ್ಟೇಟಿಗೆ ಹೋದವನು ನಾನು, ಇಷ್ಟುದ್ದ ಬರೆದು ಅಭ್ಯಾಸ ಇಲ್ಲ. ಮೂರು ಹಾಳೆ ಹಾಳು ಮಾಡಿದೆ, ಇದು ನಾಲ್ಕನೇದು. ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯೋಣ ಅಂದ್ರೆ ಮನಸ್ಸು ಒಪ್ಪಲಿಲ್ಲ.

ನಿನ್ನ ಮಗಳು ಗುರುವಾರ ನನ್ನ ಅಂಗಡಿಗೆ ಬಂದಿದ್ದಳು.

ಮಿಕ್ಸಿ ರಿಪೇರಿಗೆ ಬಂದ ಯಾರೋ ಹುಡುಗಿ ಅಂದುಕೊಂಡೆ. "ದೇವು ಮಾಮ, ಗುರ್ತೇ ಸಿಗ್ಲಿಲ್ವಾ? ನಿಶ್ಚಿತಾ" ಅಂದಳು. ನಾನು ಮೊದಲು ನೋಡಿದ್ದು ಅವಳ ಮುಖ ಅಲ್ಲ, ಅವಳ ಹಿಂದೆ ನೀನು ನಿಂತಿದೀಯಾ ಅಂತ. ಯಾರೂ ಇರಲಿಲ್ಲ. ಬ್ಯಾಗಿಂದ ಒಂದು ಪವರ್ ಸಪ್ಲೈ ತೆಗೆದು ಕೌಂಟರ್ ಮೇಲೆ ಇಟ್ಟಳು. ಕಂಪ್ಯೂಟರಿನ ಒಳಗೆ ಇರ್ತದಲ್ಲ, ಗೋಡೆಯ ಕರೆಂಟನ್ನ ಇಳಿಸಿ ಹಂಚೋ ಕಬ್ಬಿಣದ ಡಬ್ಬ, ಅದು. ನಾನು ಕೈ ಹಿಂದಕ್ಕೆ ತಗೊಂಡೆ. ಅದು ಹೊಸದು, ಪ್ಲಗ್ಗೂ ಇರಲಿಲ್ಲ, ಆದ್ರೂ ತಗೊಂಡೆ.

ಅವಳು ಮದುವೆ ವಿಡಿಯೋ ಕೆಲಸ ಮಾಡ್ತಾಳಂತೆ, ನಿನಗೆ ಗೊತ್ತೇ ಇರಬೇಕು. ಬೆಳಿಗ್ಗೆ ಧಾರೆ ಆದ್ರೆ ಸಂಜೆ ಆರತಕ್ಷತೆ ಹೊತ್ತಿಗೆ ಅದೇ ಧಾರೆಯ ಸಿನಿಮಾ ಪರದೆ ಮೇಲೆ ಓಡಬೇಕಂತೆ ಈಗ. ಛತ್ರದ ಸ್ಟೋರ್ ರೂಮಲ್ಲಿ, ಅಕ್ಕಿ ಮೂಟೆ ಪಕ್ಕ ಕೂತು ಜೋಡಿಸೋದಂತೆ. ಲ್ಯಾಪ್‌ಟಾಪ್ ಬಿಸಿಯಾಗಿ ನಿಂತುಹೋಗ್ತದೆ ಅಂತಾಳೆ. ಅದಕ್ಕೆ ದೊಡ್ಡ ಕಂಪ್ಯೂಟರಿನ ಶಕ್ತಿ ಇರೋ, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗೋ ಅಷ್ಟು ಚಿಕ್ಕ ಪೆಟ್ಟಿಗೆ ಬೇಕು. ಪೆಟ್ಟಿಗೆಯನ್ನ ವೆಲ್ಡಿಂಗಿನವರ ಹತ್ರ ತಗಡಲ್ಲಿ ಮಾಡಿಸಿದಾಳೆ. ಈ ಪವರ್ ಸಪ್ಲೈ ಅದರಲ್ಲಿ ಹಿಡಿಯಲ್ಲ. ವೈರೆಲ್ಲ ಮೊಳ ಮೊಳ ಉದ್ದ, ಫ್ಯಾನು ದಪ್ಪ. "ಡಬ್ಬ ಬಿಚ್ಚಿ ಒಳಗಿನ ಬೋರ್ಡನ್ನೇ ನನ್ನ ಪೆಟ್ಟಿಗೆಯಲ್ಲಿ ಕೂರ್ಸಿಕೊಡಿ ಮಾಮ, ವಿಡಿಯೋದಲ್ಲಿ ಒಬ್ಬರು ಮಾಡಿದಾರೆ" ಅಂತ ಕೇಳಿದಳು.

ಅಪ್ಪನಿಗೆ ಹೇಳ್ಬೇಡಿ ಅಂತಲೂ ಕೇಳಿದಳು. ಹೂಂ ಅಂದೆ. ಅವಳು ಬಸ್‌ಸ್ಟ್ಯಾಂಡ್ ಮುಟ್ಟೋದರೊಳಗೆ ನಾನು ಹಾಳೆ ಹುಡುಕ್ತಿದ್ದೆ. ನನ್ನ ಹಣೆಬರಹ ಇದು, ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು.

ಪ್ಲಗ್ ತೆಗೆದ ಮೇಲೂ ಆ ಡಬ್ಬದೊಳಗಿನ ಕಂಡೆನ್ಸರಲ್ಲಿ ಕರೆಂಟು ತುಂಬಿಕೊಂಡೇ ಇರ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅದನ್ನ ಇಳಿಸಿಯೇ ಕೈ ಹಾಕಬೇಕು. ಆರು ವರ್ಷದ ಹಿಂದೆ ಇಬ್ರೂ ಅಂಗಡಿಯಲ್ಲಿ ಒಟ್ಟಿಗೆ ಕೆಲಸ ಮಾಡ್ತಿದ್ದಾಗ, ಅವತ್ತು ನಾನು "ಇಳಿಸಿದೀನಿ" ಅಂದೆ, ನೀನು ಕೈ ಹಾಕಿದೆ, ಹೊಡೀತು, ನಿನ್ನ ಕೈ ಹಿಂದಿದ್ದ ಶೋಕೇಸಿನ ಗಾಜಿಗೆ ಹೋಯ್ತು. ನರ ಕತ್ತರಿಸಿ ಬಲಗೈ ಮಡಚದ ಹಾಗಾಯ್ತು. ನಾನು ಸುಳ್ಳುಗಾರ ಅಂತ ನೀನು ಅಂದೆ, ಊರೂ ಅಂತು. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳ್ತೀನಿ, ವಿಘ್ನೇಶ. ನಾನು ಇಳಿಸಿದ್ದೆ.

ಅದು ಹಾಗಿರಲಿ. ನಾನೀಗ ಎಂತ ಮಾಡಲಿ? ನೀನು ಬೇಡ ಅಂದ್ರೆ ಮುಟ್ಟಲ್ಲ. ಮಾಡು ಅಂದ್ರೆ ಮಾಡ್ತೀನಿ. ಎರಡರಲ್ಲಿ ಒಂದು ಬರಿ.

ಇಂತಿ,
ದೇವರಾಜ


ಕೊಪ್ಪ
2-12-2024

ವಿಘ್ನೇಶ,

ಕಾಗದ ಸಿಕ್ಕಿಲ್ಲ ಅಂದುಕೊಂಡು ಮತ್ತೆ ಬರೀತಿದೀನಿ. ಸಿಕ್ಕಿ ಸುಮ್ಮನಿದ್ರೆ, ಸುಮ್ಮನಿರೋ ಹಕ್ಕು ನಿನಗಿದೆ.

ನಿಶ್ಚಿತಾ ನಿನ್ನೆ ಮತ್ತೆ ಬಂದಿದ್ದಳು. "ಆಯ್ತಾ ಮಾಮ?" ಅಂದಳು. ಇನ್ನೂ ಇಲ್ಲ, ಯೋಚನೆ ಮಾಡ್ತಿದೀನಿ ಅಂದೆ. "ಹದಿನೈದು ದಿನದಿಂದ ಯೋಚನೆಯಾ? ಅಷ್ಟು ಹೊತ್ತಲ್ಲಿ ಗಂಡೂ ಹೆಣ್ಣೂ ನೋಡಿ ಮದುವೆ ಮುಗಿಸಿ ನಾನು ವಿಡಿಯೋನೂ ಕೊಟ್ಟುಬಿಡ್ತೀನಿ" ಅಂದಳು. ಬಾಯಿ ನಿನ್ನದೇ. ಅಂಗಡಿ ಒಳಗೆ ಕೂತಿದ್ದ ನನ್ನ ಹೆಂಡತಿ ಅನಿತಾ ನಕ್ಕಳು. "ಚಿಂತೆ ಮಾಡೋಕೆ ಯಾರಾದ್ರೂ ಸಂಬಳ ಕೊಡೋ ಹಾಗಿದ್ರೆ ಇವರು ಇಷ್ಟೊತ್ತಿಗೆ ಪೆನ್ಶನ್ ತಗೊಳ್ತಿದ್ರು ಕಣೇ" ಅಂದಳು.

ನಗ್ತಾ ನಗ್ತಾ ಹುಡುಗಿ ಇನ್ನೊಂದು ಮಾತು ಹೇಳಿದಳು. "ನೀವು ಮಾಡದಿದ್ರೆ ಕೊಡಿ, ಮನೇಲಿ ನಾನೇ ಬಿಚ್ತೀನಿ. ನಾಲ್ಕು ಸ್ಕ್ರೂ ಅಷ್ಟೇ."

ನಾಲ್ಕು ಸ್ಕ್ರೂ ಅಷ್ಟೇ ಅಂತೆ! ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೀನಿ. ಯಾರಾದ್ರೂ ಕೇಳಿದ್ರೆ ಕೆಲಸ ಶುರುವಾಗಿದೆ ಅಂತ ಹೇಳ್ತೀನಿ. ಫೆಬ್ರವರಿ ಒಂಬತ್ತಕ್ಕೆ ನರಸಿಂಹರಾಜಪುರದಲ್ಲಿ ದೊಡ್ಡ ಮದುವೆ ಇದೆಯಂತೆ, ಸ್ಟುಡಿಯೋದ ಸಂತೋಷ ಇವಳನ್ನು ನಂಬಿ ಒಪ್ಪಿಕೊಂಡಿದಾನೆ. ಅದು ಸರಿಯಾಗಿ ಆದ್ರೆ ಇಡೀ ಸೀಸನ್ ಅವಳಿಗೇ ಅಂದಿದಾನೆ. ಅದಕ್ಕೆ ಅವಳಿಗೆ ಅಷ್ಟು ಅವಸರ.

ನೀನು ಬರೀದೆ ಇದ್ರೆ ಅವಳೇ ಬಿಚ್ಚುತ್ತಾಳೆ. ನಿನ್ನ ಮನೆಯಲ್ಲೇ, ನೀನು ಪಂಚಾಯ್ತಿ ನೀರು ಬಿಡೋಕೆ ಹೋದ ಹೊತ್ತಲ್ಲಿ. ಹೆದರಿಸೋಕೆ ಅಂತ ಬರೀತಿಲ್ಲ. ಹೆದರಿಕೆ ನನಗೇ ಸಾಕಷ್ಟಿದೆ.

ಇಂತಿ,
ದೇವರಾಜ


ಬೇಗಾರ್
9-12-2024

ದೇವರಾಜ,

ಎರಡೂ ಕಾಗದ ಬಂದಿದೆ. ಎಡಗೈಯಲ್ಲಿ ಬರೆಯೋದು, ಚಿಕ್ಕದಾಗಿ ಬರೀತೀನಿ.

ಅವಳು ಹಟಮಾರಿ. ಬಿಚ್ಚುತ್ತಾಳೆ. ನೀನೇ ಮಾಡು.

ಬೋರ್ಡನ್ನ ಡಬ್ಬದಿಂದ ಹೊರಗೆ ತೆಗೆದು ತಗಡಿನ ಪೆಟ್ಟಿಗೆಯಲ್ಲಿ ಕೂರಿಸೋದು ಬೇಡ. ಡಬ್ಬ ಡಬ್ಬವಾಗೇ ಇರಲಿ, ಪೆಟ್ಟಿಗೆ ಎರಡು ಬೆರಳು ದೊಡ್ಡದಾಗಲಿ. ಬೇಡದ ವೈರ್ ಬುಡದಿಂದ ತೆಗಿ, ಬೇಕಾದ್ದನ್ನ ಗಿಡ್ಡ ಮಾಡು. ತೆಳ್ಳಗಿನ ಫ್ಯಾನ್ ಹಾಕು, ಆದ್ರೆ ಗಾಳಿ ಅಷ್ಟೇ ಬರಬೇಕು. ಅರ್ತ್ ವೈರ್ ಮುಟ್ಟಬೇಡ. ತಗಡಿನ ಪೆಟ್ಟಿಗೆಗೂ ಅರ್ತ್ ಬರಬೇಕು, ಬಣ್ಣ ಕೆರೆದು ಸ್ಕ್ರೂ ಹಾಕು.

ಪ್ಲಗ್ ತೆಗೆದು ಹತ್ತು ನಿಮಿಷ ಬಿಡು. ಮೀಟರ್ ಇಟ್ಟು ನೋಡು. ಸ್ಕ್ರೂಡ್ರೈವರಲ್ಲಿ ಚಟ್ ಅನ್ನಿಸಬೇಡ, ಬಲ್ಬಿನಲ್ಲಿ ಇಳಿಸು. ಮತ್ತೆ ಮೀಟರ್ ಇಡು. ಎಷ್ಟು ತೋರಿಸ್ತು ಅಂತ ಪ್ರತಿ ಸಲದ್ದೂ ನನಗೆ ಬರೆದು ಕಳಿಸು. ನಿನ್ನ ಮಾತು ಬೇಡ. ನಂಬರ್ ಬೇಕು.

ನಾನು ಬರೆದದ್ದು ಅವಳಿಗೆ ಗೊತ್ತಾಗಬಾರದು.

ವಿಘ್ನೇಶ್ವರ


ಕೊಪ್ಪ
22-12-2024

ವಿಘ್ನೇಶ,

ನಿನ್ನ ಕಾಗದ ಅಂಗಿ ಜೇಬಲ್ಲಿ ಇಟ್ಕೊಂಡೇ ಕೆಲಸ ಮಾಡಿದೆ. ನಂಬರ್ ಮೊದಲು ಬರೀತೀನಿ.

ಒಂದು ಗಂಟೆ ಓಡಿಸಿ, ಪ್ಲಗ್ ತೆಗೆದು, ಗಡಿಯಾರ ನೋಡಿ ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದೆ. ಒಂದು ಕೈ ಹಿಂದೆ ಕಟ್ಟಿಕೊಂಡು ಒಂದೇ ಕೈಯಲ್ಲಿ ಮೀಟರ್ ಇಟ್ಟೆ, ನೀನು ಹೇಳಿಕೊಟ್ಟ ಹಾಗೆ. 74 ವೋಲ್ಟ್ ತೋರಿಸ್ತು. ಬಲ್ಬ್ ಹಿಡಿದೆ, ತಂತಿ ಒಂದು ಚೂರು ಕೆಂಪಗಾಗಿ ಆರಿತು. ಮತ್ತೆ ಮೀಟರ್, 0.3. ಊಟ ಮಾಡಿ ಬಂದು ನೋಡ್ತೀನಿ, 0.9! ಪ್ಲಗ್ ಗೋಡೆಯಲ್ಲಿಲ್ಲ, ಏನೂ ಇಲ್ಲ, ಸತ್ತದ್ದು ಅದರಷ್ಟಕ್ಕೆ ಏಳ್ತಿದೆ. ನೀನು ಯಾವಾಗಲೋ ಹೇಳಿದ್ದೆ, ಕಂಡೆನ್ಸರ್ ಸ್ವಲ್ಪ ಸ್ವಲ್ಪ ನೆನಪು ಮಾಡ್ಕೊಳ್ತದೆ ಅಂತ. ಮತ್ತೆ ಇಳಿಸಿದೆ. 0.1. ಅದಾದ ಮೇಲೆ ಕಾಲು ಗಂಟೆಗೊಂದು ಸಲ ನೋಡ್ತಾ ಇದ್ದೆ, ಅನಿತಾ ಬಂದು ಮೀಟರ್ ಕಿತ್ತುಕೊಳ್ಳೋ ತನಕ.

ಕೆಲಸ ನಾಲ್ಕು ದಿನ ಹಿಡೀತು. ಬೇಡದ ವೈರೆಲ್ಲ ಬುಡದಿಂದ ತೆಗೆದೆ. ಬೇಕಾದ್ದನ್ನ ನಿಶ್ಚಿತಾ ಎರಡು ಬೆರಳು ಎತ್ತರ ಮಾಡಿಸಿದ ಪೆಟ್ಟಿಗೆ ತಂದಿಟ್ಟು ಗೇಣಲ್ಲಿ ಅಳೆದು ತೋರಿಸಿದಳು, ಹಾಗೇ ಗಿಡ್ಡ ಮಾಡಿ ತುದಿಗೆ ಹೊಸ ಪಿನ್ ಒತ್ತಿದೆ, ಒಂದೊಂದನ್ನೂ ಎಳೆದು ನೋಡಿದೆ. ಪೆಟ್ಟಿಗೆಯ ಒಳಗೆ ಬಣ್ಣ ಕೆರೆದು ಅರ್ತ್ ಸ್ಕ್ರೂ ಹಾಕಿದೆ. ಪ್ಲಗ್ಗಿನ ದಪ್ಪ ಪಿನ್ನಿಂದ ಪೆಟ್ಟಿಗೆ ಮೈಗೆ ಮೀಟರ್ ಹಿಡಿದ್ರೆ ಬೀಪ್ ಅಂತದೆ, ನಾಲ್ಕೂ ಮೂಲೆಗೆ ಹಿಡಿದು ನೋಡಿದೆ. ಎಲ್ಲಾದ್ರೂ ಶಾರ್ಟ್ ಆಗಿದ್ರೆ ಬಲ್ಬೇ ಉರೀಲಿ ಅಂತ ಮೊದಲ ಸಲ ಸೀರೀಸ್ ಬಲ್ಬ್ ಹಾಕಿಯೇ ಕರೆಂಟ್ ಕೊಟ್ಟೆ. ಹಳದಿ ವೈರಲ್ಲಿ 12.1, ಕೆಂಪಿನಲ್ಲಿ 5.0, ಕಿತ್ತಳೆಯಲ್ಲಿ 3.3.

ಡಬ್ಬ ತೆಗೆಯಲ್ಲ ಅಂದಾಗ ಅವಳು ಮುಖ ಊದಿಸಿದಳು. "ಎರಡು ಬೆರಳು ಎತ್ತರ ಆಗ್ತದೆ ಮಾಮ, ನನ್ನ ಬ್ಯಾಗಿನ ಜಿಪ್ ಹಾಕಕ್ಕಾಗಲ್ಲ." ಜಿಪ್ ತೆಗೆದೇ ಇಟ್ಕೋ ಅಂದೆ. "ಇಷ್ಟು ಹೆದರಿದ್ರೆ ಈ ಅಂಗಡಿ ಯಾಕೆ ಇಟ್ಟಿದೀರಿ? ಹೂವಿನಂಗಡಿ ಇಡಿ" ಅಂದಳು. ನಿನ್ನ ಹೆಸರು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಇನ್ನೊಂದು ಮಾತು, ನಂಬರ್ ಅಲ್ಲದ್ದು. ಬೈಬೇಡ. ಈ ಪವರ್ ಸಪ್ಲೈ ಒಳಗೆ ದೊಡ್ಡ ಕಂಡೆನ್ಸರ್ ಇರೋದು ಒಂದೇ ಒಂದು. ಅದನ್ನ ಇಳಿಸಿದ್ರೆ ಮುಗೀತು, ಇನ್ನು ಕೈ ಹಾಕಬಹುದು. ನೋಡು, ಅವತ್ತೂ ನಾನು ಅದನ್ನೇ ಮಾಡಿದ್ದು. ಸ್ಕ್ರೂಡ್ರೈವರ್ ಇಟ್ಟೆ, ಚಟ್ ಅಂತು, ಕಿಡಿ ಹಾರಿತು, ನನ್ನ ಕಣ್ಣಾರೆ ಕಂಡೆ. ಆಮೇಲೆ ನಿನಗೆ ಹೊಡೆದದ್ದು ಎಂತ ಅಂತ ಆರು ವರ್ಷದಿಂದ ನನಗೆ ಅರ್ಥ ಆಗಿಲ್ಲ. ಯಾರೋ ನಡುವೆ ಪ್ಲಗ್ ಹಾಕಿ ತೆಗೆದರೋ ಏನೋ. ಆ ಸಪ್ಲೈ ಇನ್ನೂ ನನ್ನ ಅಟ್ಟದ ಮೇಲೆ ಸಿಮೆಂಟ್ ಚೀಲದಲ್ಲಿ ಕಟ್ಟಿಟ್ಟಂತೇ ಇದೆ. ಬಿಚ್ಚಿಲ್ಲ, ಎಸೆದೂ ಇಲ್ಲ. ಒಂದು ದಿನ ಅದನ್ನೂ ಬಿಚ್ಚಿ ನಿನಗೆ ನಂಬರ್ ಸಮೇತ ತೋರಿಸ್ತೀನಿ, ಆಗಲಾದ್ರೂ ನಂಬ್ತೀಯಾ?

ಇಂತಿ,
ದೇವರಾಜ


ಕೊಪ್ಪ
24-1-2025

ವಿಘ್ನೇಶ್ವರನಿಗೆ,

ಇದನ್ನ ಎಲ್ಲಿಂದ ಶುರು ಮಾಡೋದು ಅಂತ ತಿಳೀತಿಲ್ಲ.

ಸಂಕ್ರಾಂತಿ ಮಾರನೇ ದಿನ ಅಂಗಡಿಗೆ ರಜೆ ಇತ್ತು. ಅಟ್ಟದಿಂದ ಆ ಚೀಲ ಇಳಿಸಿದೆ. ನಿನಗೆ ತೋರಿಸಬೇಕು, ನಾನು ಸುಳ್ಳುಗಾರ ಅಲ್ಲ ಅಂತ ಬರೀಬೇಕು, ಅದೇ ಹುಮ್ಮಸ್ಸು. ಅನಿತಾ "ಬೇಡ, ಯಾಕೆ ಅದನ್ನ" ಅಂದಳು. ಕೇಳಲಿಲ್ಲ. ಇಲಿ ಉಚ್ಚೆ ಹೊಯ್ದು ಸ್ಕ್ರೂ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತೆಗೆದೆ. ಮುಚ್ಚಳ ಎತ್ತಿದೆ.

ಎರಡಿದಾವೆ, ವಿಘ್ನೇಶ.

ದೊಡ್ಡ ಕಂಡೆನ್ಸರ್ ಎರಡು. ಅಕ್ಕಪಕ್ಕ, ಒಂದೇ ಎತ್ತರ, ಒಂದೇ ಬಣ್ಣ. ಒಂದರ ಕಾಲಿನ ಬೆಸುಗೆ ಮೇಲೆ ನನ್ನ ಸ್ಕ್ರೂಡ್ರೈವರಿನ ಕಿಡಿ ಸುಟ್ಟ ಕಪ್ಪು ಕಲೆ ಇನ್ನೂ ಇದೆ. ಇನ್ನೊಂದರ ಮೇಲೆ ಇಲ್ಲ. ಬೆಸುಗೆ ಕನ್ನಡಿ ಹಾಗೆ ಹೊಳೀತಿದೆ. ಚಾರ್ಜನ್ನ ತಾನಾಗೇ ಇಳಿಸಬೇಕಾದ ರೆಸಿಸ್ಟರು ಅದರ ಪಕ್ಕದಲ್ಲೇ ಸುಟ್ಟು ಕೂತಿದೆ. ಅದು ಸುಟ್ಟಿತ್ತು ಅಂತಲೇ ಅಲ್ವಾ ಅದು ರಿಪೇರಿಗೆ ಬಂದದ್ದು.

ನಾನು ಟಿವಿ ಬಿಚ್ಚಿ ಕಲಿತವನು. ನಾನು ಬಿಚ್ಚಿದ ಟಿವಿಯಲ್ಲೆಲ್ಲ ಒಂದೇ ಇರ್ತಿತ್ತು. ಎರಡು ಕಂಡಿದ್ರೂ ಒಂದನ್ನ ಇಳಿಸಿದ್ರೆ ಎರಡೂ ಇಳೀತು ಅಂದುಕೊಂಡಿರಬೇಕು. ಅವತ್ತು ಏನು ಅಂದುಕೊಂಡೆ ಅಂತ ಎಷ್ಟು ನೆನೆಸಿಕೊಂಡ್ರೂ ಬರ್ತಿಲ್ಲ. ಬೋರ್ಡಿನ ಮೇಲಿನ ಇಂಗ್ಲೀಷು ನೀನು ಓದಿ ಹೇಳ್ತಿದ್ದೆ, ನಾನು ಕೈ ಕೆಲಸ ಮಾಡ್ತಿದ್ದೆ. ಅವತ್ತು ನಿನ್ನನ್ನ ಕೇಳಬೇಕಿತ್ತು. ಕೇಳಲಿಲ್ಲ. ಇಳಿಸಿದೀನಿ ಅಂದುಬಿಟ್ಟೆ.

ಸುಳ್ಳು ಹೇಳಿರಲಿಲ್ಲ ನಾನು. ಆದ್ರೆ ನಿನ್ನ ಕೈ ಹೋದದ್ದು ನನ್ನಿಂದಲೇ. ಆರು ವರ್ಷ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ಕಂಡಕಂಡವರ ಹತ್ರ ವಿಘ್ನೇಶ ನನ್ನ ಹೆಸರು ಕೆಡಿಸಿದ ಅಂದೆ. ಅದಕ್ಕೆಲ್ಲ ಈಗ ಏನಂತ ಬರೀಲಿ? ಒಂಬತ್ತು ದಿನ ಬರೀದೇ ಇದ್ದೆ. ಬಚ್ಚಿಡಬಹುದಿತ್ತು, ಚೀಲ ಮತ್ತೆ ಕಟ್ಟಿ ಮೇಲಿಡಬಹುದಿತ್ತು, ಅದನ್ನೂ ಯೋಚನೆ ಮಾಡಿದೆ ಅಂತ ಹೇಳಿಬಿಡ್ತೀನಿ.

ನಿಶ್ಚಿತಾಳ ಪೆಟ್ಟಿಗೆ ತಯಾರಾಗಿದೆ, ಇನ್ನೂ ಓಡಿಸಿ ನೋಡ್ಬೇಕು ಅಂತ ಹೇಳಿ ನನ್ನ ಹತ್ರವೇ ಇಟ್ಕೊಂಡಿದೀನಿ. ಎಲ್ಲ ಸರಿ ಇದೆ ಅಂತ ನನ್ನ ಮೀಟರ್ ಹೇಳ್ತದೆ. ಆದ್ರೆ ಸರಿ ಇದೆ ಅಂತ ಅವತ್ತೂ ನನಗೆ ಅನ್ನಿಸಿತ್ತಲ್ಲ. ನನಗೆ ಗೊತ್ತಿಲ್ಲದ್ದು ಅದರೊಳಗೆ ಇನ್ನೂ ಏನಾದ್ರೂ ಇದ್ರೆ? ಈ ಕೈಯಲ್ಲಿ ಮಾಡಿದ್ದನ್ನ ಅವಳ ಕೈಗೆ ಹೇಗೆ ಕೊಡಲಿ? ನನ್ನ ನಂಬರೆಲ್ಲ ನಿನ್ನ ಹತ್ರ ಇದೆ. ಅದನ್ನ ನೋಡಿ ನೀನು ಕೊಡು ಅಂದ್ರೆ ಕೊಡ್ತೀನಿ. ಮದುವೆ ಒಂಬತ್ತನೇ ತಾರೀಖು, ಅವಳು ಎಂಟಕ್ಕೆ ಬರ್ತಾಳೆ. ಅಷ್ಟರೊಳಗೆ ನಿನ್ನ ಕಾಗದ ಬಾರದಿದ್ರೆ ನಾನು ಕೊಡೋದಿಲ್ಲ.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದೀನಿ, ಮೇಲೆ ಕಾಣ್ತದೆ ನೋಡು. ಆ ಮಾತು ಸಾಲದು ಅನ್ನಿಸ್ತು.

ಇಂತಿ,
ದೇವರಾಜ


ಕೊಪ್ಪ
11-2-2025

ವಿಘ್ನೇಶ,

ನಿನ್ನ ಕಾಗದ ಬರಲಿಲ್ಲ. ನಾನು ಪೆಟ್ಟಿಗೆ ಕೊಡಲಿಲ್ಲ.

ಎಂಟನೇ ತಾರೀಖು ಪೋಸ್ಟಿನವರು ಬರೋ ತನಕ ಅವಳನ್ನ ಮಾತಲ್ಲಿ ಕೂರಿಸಿದೆ, ಕಾಫಿ ಕೊಟ್ಟೆ. ಅವರು ಬಂದ್ರು, ಏನೂ ಇಲ್ಲ ಅಂತ ಕೈಯಾಡಿಸಿ ಮುಂದೆ ಹೋದ್ರು.

"ಎಲ್ಲ ಮುಗಿದಿದೆ ಅಲ್ವಾ ಮಾಮ?"

"ಮುಗಿದಿದೆ."

"ಮತ್ತೆ ಕೊಡಿ. ನಾಲ್ಕೂವರೆ ಬಸ್ಸು."

"ಅಪ್ಪನ ಕಾಗದ ಬರಲಿ" ಅಂತ ಬಾಯಿ ತಪ್ಪಿ ಅಂದುಬಿಟ್ಟೆ.

ಅವಳು ಲೋಟ ಕೆಳಗಿಟ್ಟಳು. "ಯಾವ ಕಾಗದ?" ಹೇಳದೆ ವಿಧಿ ಇರಲಿಲ್ಲ, ಹೇಳಿದೆ. ನವೆಂಬರಿಂದ ಬರೀತಿದೀವಿ ಅಂತ. ಡಬ್ಬ ತೆಗೀಬೇಡ ಅಂದದ್ದು ನೀನು ಅಂತ.

"ನನಗೆ ಇಪ್ಪತ್ತಮೂರು ವರ್ಷ" ಅಂದಳು. "ಪೆಟ್ಟಿಗೆ ನಂದು, ಕೆಲಸ ನಂದು. ನೀವಿಬ್ರು ಆರು ವರ್ಷ ಮುಖ ನೋಡ್ಲಿಲ್ಲ, ಈಗ ನನ್ನ ಪೆಟ್ಟಿಗೆ ಇಟ್ಕೊಂಡು ರಾಜಿ ಮಾಡ್ಕೊಳ್ತಿದೀರಾ?"

ಹಾಗಲ್ಲ ಮಗಳೇ ಅಂದೆ. ಪೆಟ್ಟಿಗೆಗೆ ಕೈ ಹಾಕಿದಳು, ನಾನು ಅದನ್ನ ತಬ್ಬಿಕೊಂಡು ನಿಂತೆ. ಐವತ್ತೆರಡು ವರ್ಷದ ಗಂಡಸು, ಹೆಣ್ಣು ಮಗುವಿನ ಎದುರು, ರಸ್ತೆ ಜನ ನೋಡೋ ಹಾಗೆ. ಅವಳು ಎಳೆಯಲಿಲ್ಲ. "ಇಟ್ಕೊಳಿ" ಅಂದಳು. ಹೋದಳು.

ಮದುವೆದು ಸಂತೋಷ ಹೇಳಿದ. ಯಾರದ್ದೋ ಲ್ಯಾಪ್‌ಟಾಪ್ ತಗೊಂಡು ಹೋದಳಂತೆ. ಅರ್ಧಕ್ಕೆ ನಿಂತಿತು. ಆರತಕ್ಷತೆಗೆ ಪರದೆ ಇಳಿಸಿ ಜನ ಕೂತೇ ಕೂತರು, ಏನೂ ಬರಲಿಲ್ಲ. ಗಂಡಿನ ಕಡೆಯವರು ಯಾರೋ ಮೈಕಿನಲ್ಲಿ ತಮಾಷೆ ಮಾಡಿದರಂತೆ, ಧಾರೆ ಮತ್ತೊಂದು ಸಲ ಮಾಡೋಣ್ವಾ ಅಂತ. ಎಲ್ಲ ನಕ್ಕರಂತೆ. ಇವಳು ಸ್ಟೋರ್ ರೂಮಿಂದ ಹೊರಗೆ ಬರಲಿಲ್ಲವಂತೆ. ಸೀಸನ್ನಿನ ಉಳಿದ ಮದುವೆಗೆ ಬೇರೆಯವರನ್ನ ಹೇಳಿದೀನಿ ಅಂದ ಸಂತೋಷ. ಅವನದ್ದೂ ತಪ್ಪಿಲ್ಲ.

ಪೆಟ್ಟಿಗೆ ಇಲ್ಲೇ ಮೇಜಿನ ಮೇಲಿದೆ. ನಿನ್ನೆ ಪೂರ್ತಿ ಓಡಿಸಿ ಇಟ್ಟೆ, ಅಂಗಡಿ ತೆಗೆದಾಗಿಂದ ಮುಚ್ಚೋ ತನಕ. ಬೆಚ್ಚಗೂ ಆಗಲಿಲ್ಲ.

ದೇವರಾಜ


ಬೇಗಾರ್
26-2-2025

ದೇವು,

ಇದು ಉದ್ದ ಆಗ್ತದೆ. ಮೂರು ದಿನದಿಂದ ಬರೀತಿದೀನಿ.

ನಿನ್ನ ಜನವರಿ ಕಾಗದ ಇಪ್ಪತ್ತೊಂಬತ್ತಕ್ಕೇ ಬಂದಿತ್ತು. ನಂಬರೆಲ್ಲ ನೋಡಿದೆ. ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಕೊಡು ಅಂತ ಎರಡಕ್ಷರ ಬರೆದಿದ್ರೆ ಸಾಕಿತ್ತು. ಕಾರ್ಡ್ ತಂದೆ, ಪೆನ್ನು ಹಿಡಿದೆ, ಬರೀಲಿಲ್ಲ.

ಆ ಸಪ್ಲೈನಲ್ಲಿ ಎರಡಿದಾವೆ ಅಂತ ನನಗೆ ಅವತ್ತೇ ಗೊತ್ತಿತ್ತು. ಐಟಿಐನಲ್ಲಿ ಮೊದಲ ವರ್ಷ ಹೇಳಿಕೊಟ್ಟದ್ದು. ನೀನು ಸ್ಕ್ರೂಡ್ರೈವರ್ ಇಟ್ಟದ್ದು ಒಂದಕ್ಕೇ. ನಾನು ನೋಡಿದೆ. ಇನ್ನೊಂದು ಇದೆ ಮಾರಾಯ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ವೃಷಭೇಂದ್ರಪ್ಪ ಮೇಷ್ಟ್ರು, ಅವರದ್ದೇ ಅಲ್ವಾ ಆ ಸಪ್ಲೈ, ಕೌಂಟರ್ ಆಚೆ ನಿಂತು ಮೊಮ್ಮಗನ ಮಾತು ಏನೋ ಹೇಳಿದ್ರು. ನಗು ಬಂತು. ನಗ್ತಾ ಕೈ ಹಾಕಿದೆ.

ಆಸ್ಪತ್ರೆಯಲ್ಲಿ ನಿಶ್ಚಿತಾಳ ಅಮ್ಮ ಜಲಜ ಅಳ್ತಾ ಹೇಗಾಯ್ತು ಅಂದಳು. ದೇವು ಇಳಿಸಿದೀನಿ ಅಂದಿದ್ದ, ಅಂದೆ. ಅಷ್ಟೇ ಅಂದದ್ದು. ಅದು ಸುಳ್ಳಲ್ಲ ನೋಡು, ನೀನು ಅಂದಿದ್ದೆ. ಅದಕ್ಕೇ ಅದು ಆರು ವರ್ಷ ನಡೀತು. ನೀನು ಬಂದು ಬಾಗಿಲಲ್ಲಿ ನಿಂತು ಇಳಿಸಿದ್ದೆ ಕಣೋ ಅಂತ ಅತ್ತಾಗ, ಒಂದನ್ನ ಇಳಿಸಿದ್ದೆ ಹೌದು, ನಾನೂ ನೋಡಿದ್ದೆ ಅನ್ನಬಹುದಿತ್ತು. ಕೈ ಹೋದವನು ನಾನು, ತಪ್ಪೂ ನಂದೇ ಅಂದ್ರೆ ನನ್ನ ಹತ್ರ ಉಳಿಯೋದು ಏನು ಅನ್ನಿಸ್ತು. ಬಾಗಿಲು ಹಾಕಿಸಿದೆ.

ನಂಬರ್ ಕಳಿಸು ಅಂತ ನಿನಗೆ ಬರೆದೆನಲ್ಲ. ಆ ಮೀಟರನ್ನ ಅವತ್ತು ನಾನು ಹಿಡೀಬೇಕಿತ್ತು.

ಈಗ ನೀನು ಎಲ್ಲ ನನ್ನಿಂದಲೇ ಅಂತ ತಪ್ಪನ್ನ ನಿನ್ನ ತಲೆ ಮೇಲೇ ಹಾಕಿಕೊಂಡು ಬರೆದೆ. ಕೊಡು ಅಂತ ಬರೆದ್ರೆ ಇದನ್ನೂ ಬರೀಬೇಕಾಗಿತ್ತು. ಇದನ್ನ ಬಿಟ್ಟು ಅದೊಂದನ್ನೇ ಬರೆಯೋಕೆ ಮನಸ್ಸು ಬರಲಿಲ್ಲ, ಇದನ್ನ ಬರೆಯೋಕೆ ಧೈರ್ಯ ಬರಲಿಲ್ಲ. ಹಾಗೆ ಹಾಗೆ ಎಂಟನೇ ತಾರೀಖು ಆಯ್ತು. ಎಂಟಕ್ಕೆ ಅವಳು ಬರಿಗೈಯಲ್ಲಿ ಬಂದಳು. ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆನೋ ಏನೋ.

ಹದಿನೇಳಕ್ಕೆ ಶಿವಮೊಗ್ಗಕ್ಕೆ ಹೋದಳು. ಅಲ್ಲೊಂದು ಫೋಟೋ ಲ್ಯಾಬಿನಲ್ಲಿ ಪ್ರಿಂಟ್ ಕತ್ತರಿಸೋ ಕೆಲಸ. ವಿಡಿಯೋ ಅಲ್ಲ. ವಿಳಾಸ ಹಿಂದೆ ಬರೆದಿದೀನಿ. ಇದುವರೆಗೆ ಎರಡು ಸಲ ಅವಳಮ್ಮನಿಗೆ ಫೋನ್ ಮಾಡಿದಾಳೆ. ಅಪ್ಪನಿಗೆ ಕೊಡ್ಲಾ ಅಂದ್ರೆ ಚಾರ್ಜ್ ಇಲ್ಲ ಅಂತಾಳೆ.

ಅವಳಿಗೆ ಇದನ್ನ ಹೇಳಿಲ್ಲ. ಈ ಕೈ ನೋಡಿ ಬೆಳೆದವಳು ಅವಳು. ನೀನು ಹೇಳಬೇಡ ಅನ್ನೋ ಮುಖ ನನಗಿಲ್ಲ. ಹೇಳೋದು ಬಿಡೋದು ನಿನಗೆ ಬಿಟ್ಟದ್ದು.

ಇಲ್ಲಿಗೆ ಬರಬೇಡ, ದೇವು. ಸಿಟ್ಟಿಗಲ್ಲ. ನಿನ್ನ ಮುಖ ನೋಡಕ್ಕಾಗಲ್ಲ.

ವಿಘ್ನೇಶ್ವರ


ಕೊಪ್ಪ
9-3-2025

ನಿಶ್ಚಿತಾಳಿಗೆ, ದೇವು ಮಾಮ ಬರೆಯೋದು.

ಈ ಕಾಗದದ ಜೊತೆ ಬಸ್ಸಲ್ಲಿ ನಿನ್ನ ಪೆಟ್ಟಿಗೆ ಕಳಿಸ್ತಿದೀನಿ. ಹೊದಿಕೆ ಸುತ್ತಿದೀನಿ, ಕಂಡಕ್ಟರಿಗೆ ಸೀಟಿನ ಮೇಲೇ ಇಡಿ ಅಂತ ಹೇಳಿದೀನಿ. ತಿಂಗಳ ಹಿಂದೆ ಕೊಡಬೇಕಿತ್ತು. ಅದಕ್ಕೆ ನಾನು ಏನು ಹೇಳಿದ್ರೂ ಆ ಮದುವೆ ವಾಪಸ್ ಬರಲ್ಲ. ಪೆಟ್ಟಿಗೆ ನೋಡಿ ಸಿಟ್ಟು ಬಂದ್ರೆ ಮಾರಿಬಿಡು, ಆದ್ರೆ ತಗೊಂಡವರಿಗೂ ಕೆಳಗಿನದ್ದು ಹೇಳು.

ಮೂರು ಪಿನ್ನಿನ ಪ್ಲಗ್ಗಿಗೇ ಹಾಕಬೇಕು. ಛತ್ರದಲ್ಲಿ ಎರಡು ಪಿನ್ನಿನ ಜಾಗ ಮಾತ್ರ ಇದ್ರೆ ದಪ್ಪ ಪಿನ್ನು ಕತ್ತರಿಸಿ ಹಾಕೋ ಬುದ್ಧಿವಂತರು ಇರ್ತಾರೆ, ಅವರ ಮಾತು ಕೇಳಬೇಡ. ಹೊಸ ಜಾಗ ಅಂದ್ರೆ ಮೊದಲು ಅಲ್ಲಿನ ವೈರ್‌ಮ್ಯಾನಿಗೆ ಅರ್ತ್ ಸರಿ ಇದೆಯಾ ಅಂತ ಕೇಳು, ನಾಚಿಕೆ ಬೇಡ. ಪೆಟ್ಟಿಗೆ ಮೈ ಮುಟ್ಟಿದಾಗ ಜುಂ ಅಂದ್ರೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ತೆಗೆದು ಎದ್ದುಬಿಡು, ಯಾರ ಮದುವೆ ನಿಂತರೂ ಸರಿ. ಡಬ್ಬ ಬಿಚ್ಚಬೇಡ. ಬಿಚ್ಚಲೇಬೇಕು ಅಂದ್ರೆ ನನಗೆ ಕಳಿಸು, ಇಲ್ಲ ಅಲ್ಲೇ ಕಲಿತವರಿಗೆ ಕೊಡು.

ಮೊನ್ನೆ ನೀನು ಫೋನ್ ಮಾಡಿದಾಗ ನಾನು ತೊದಲಿ ಇಟ್ಟುಬಿಟ್ಟೆ. ನೀನು ಕೇಳಿದ್ದು ಎರಡು ಮಾತು. ಎರಡಕ್ಕೂ ಇಲ್ಲಿ ಬರೀತೀನಿ, ಫೋನಲ್ಲಿ ನನಗೆ ಬರಲ್ಲ.

ಅಪ್ಪ ಯಾಕೆ ಒಂದು ಸಾಲು ಬರೆದು ಕೊಡು ಅನ್ನಲಿಲ್ಲ ಅಂತ ಕೇಳಿದೆ. ನನ್ನ ಕೈಯನ್ನ ಅವರಿಗೆ ನಂಬಕ್ಕಾಗಲಿಲ್ಲ ಮಗಳೇ, ಅಷ್ಟೇ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ಅದಕ್ಕೆ ಅವರ ಹತ್ರ ಮಾತು ಬಿಡಬೇಡ. ಅವರು ಫೋನಿನ ಪಕ್ಕವೇ ಕೂತಿರ್ತಾರೆ ಅಂತ ನನಗೆ ಗೊತ್ತು.

ಆ ದಿನ ನಿಜವಾಗಿ ಏನಾಯ್ತು ಅಂತ ಕೇಳಿದೆ. ಅದರೊಳಗೆ ಕಂಡೆನ್ಸರ್ ಎರಡಿದ್ದವು. ನಾನು ಒಂದನ್ನ ಇಳಿಸಿ ಎಲ್ಲ ಇಳಿಸಿದೀನಿ ಅಂದೆ. ಹೆಚ್ಚು ಓದದವನ ಅವಸರ. ಇದು ನನಗೇ ಈ ಸಂಕ್ರಾಂತಿಗೆ ಗೊತ್ತಾದದ್ದು.

ಅಪ್ಪ ಐಟಿಐ ಓದಿದವರು, ಪಕ್ಕದಲ್ಲೇ ನಿಂತಿದ್ರಲ್ಲ, ಅವರಿಗೆ ಕಾಣಲಿಲ್ವಾ ಅಂತ ನೀನು ಮತ್ತೆ ಮತ್ತೆ ಕೇಳಿದೆ. ಅವರು ಆಚೆ ತಿರುಗಿ ಗಿರಾಕಿ ಹತ್ರ ಮಾತಾಡ್ತಿದ್ರು. ನನಗೆ ಚೆನ್ನಾಗಿ ನೆನಪಿದೆ. ಅವರು ನೋಡಿಲ್ಲ.

ಇಂತಿ,
ದೇವು ಮಾಮ